ನೀರು ಕುಡಿಯುತ್ತಿದ್ದ ಖಣಿ

ಧರ್ಮರಾಜ ತೀರಿಕೊಂಡ. ಕಳೆದ ಫೆಬ್ರುವರಿ ಹದಿನೆಂಟು, ಮಂಗಳವಾರ, ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ. ಬಸವನ ಬಾಗೇವಾಡಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತ್ತು. ಪಕ್ಕದ ಸೀಟಿನವರು ಚಹಾ ಕುಡಿದು ಬಂದು ಕೂತರು. ಕಿಟಕಿಗೆ ತಲೆ ಹಚ್ಚಿದ್ದವನು ನಿದ್ದೆ ಮಾಡುತ್ತಿದ್ದಾನೆಂದೇ ತಿಳಿದರು. ವಿಜಯಪುರದಲ್ಲಿ ಕಂಡಕ್ಟರ್ ಭುಜ ಹಿಡಿದು ಅಲ್ಲಾಡಿಸಿದಾಗ ಗೊತ್ತಾಯಿತು. ಹೃದಯಾಘಾತ ಎಂದರು ಡಾಕ್ಟರು. ವಯಸ್ಸು ನಲವತ್ತೇಳು.

ಅವನು ದುಡಿಯುತ್ತಿದ್ದ ಕಚೇರಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಸಂಜೆ ಏಳಕ್ಕೆ ಬಂತು. ಮೂವತ್ತೊಂದು ಜನ ಕೈ ಮುಗಿದ ಚಿತ್ರ ಹಾಕಿದರು. ಮೂವತ್ತೆರಡನೆಯ ಸಂದೇಶ: ಸಿಂದಗಿ ತಾಲೂಕಿನ ಬಾಕಿ ನಮೂನೆಗಳು ನಾಳೆ ಹನ್ನೊಂದರೊಳಗೆ ಬರಬೇಕು.

ಆ ಬಾಕಿ ನಮೂನೆಗಳು ಧರ್ಮರಾಜನವೇ. ಜಿಲ್ಲೆಯ ನೆಲದೊಳಗೆ ಏನಿದೆ, ನೆಲದ ಮೇಲೆ ಏನು ಬೆಳೆಯುತ್ತದೆ, ಅದರಿಂದ ಹಳ್ಳಿಯ ಜನ ಯಾವ ಸಣ್ಣ ಉದ್ಯೋಗ ಹೂಡಬಹುದು ಎಂದು ಊರೂರು ತಿರುಗಿ ಬರೆದುಕೊಂಡು ಬರುವುದು ಅವನ ಕೆಲಸ. ಗುತ್ತಿಗೆ ನೌಕರಿ. ಹನ್ನೊಂದು ತಿಂಗಳಿಗೊಮ್ಮೆ ತೆಗೆಯುತ್ತಿದ್ದರು, ಒಂದು ದಿನ ಬಿಟ್ಟು ಮತ್ತೆ ತಗೊಳ್ಳುತ್ತಿದ್ದರು. ಹೀಗೆ ಹದಿನಾಲ್ಕು ವರ್ಷ. ಆ ಒಂದು ದಿನ ಮಾತ್ರ ಅವನು ಗಡ್ಡ ಬೋಳಿಸದೆ ಮನೆಯಲ್ಲಿ ಕೂಡುತ್ತಿದ್ದ.

ಉಳಿದ ದಿನ ಹೆಗಲಿಗೆ ಖಾಕಿ ಚೀಲ. ಅದರಲ್ಲಿ ಒಂದು ಸಣ್ಣ ಸುತ್ತಿಗೆ, ಪ್ಲಾಸ್ಟಿಕ್ ಪೊಟ್ಟಣಗಳು, ಆಮ್ಲದ ಒಂದು ಪುಟ್ಟ ಬಾಟಲಿ. ಕಲ್ಲಿನ ಮೇಲೆ ಒಂದು ಹನಿ ಬಿಡುವುದು, ನೊರೆ ಎದ್ದರೆ ಸುಣ್ಣದ ಕಲ್ಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ಅವನ ಪಾಲಿನವು. ಬಾಗೇವಾಡಿ ಕಡೆ ಕರಿ ಮಣ್ಣಿನ ಎರಿ ಹೊಲದಲ್ಲಿ ನೇಗಿಲಿಗೆ ಬಿಳಿ ಹರಳು ಸಿಕ್ಕರೆ ರೈತರು ಬೈದು ಬದುವಿಗೆ ಒಗೆಯುತ್ತಾರೆ. ಧರ್ಮರಾಜ ಬದುವಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ಆರಿಸುತ್ತಿದ್ದ. ಸುಟ್ಟರೆ ಮೊದಲ ದರ್ಜೆಯ ಸುಣ್ಣ, ಒಂದು ಭಟ್ಟಿ ಹಾಕಿದರೆ ನಾಲ್ಕು ಮನೆ ಉಣ್ಣುತ್ತವೆ ಎನ್ನುತ್ತಿದ್ದ. ಸಿಂದಗಿಯಲ್ಲಿ ಬೇಳೆ ಗಿರಣಿಯ ಹಿಂದೆ ಬಿದ್ದ ತೊಗರಿ ಹೊಟ್ಟಿನ ಗುಡ್ಡೆಗೆ ಕೈ ಹಾಕಿ ಮೂಸಿ ನೋಡುತ್ತಿದ್ದ. ಯಾವ ಊರಿಗೆ ಹೋದರೂ ಅವನ ಕಣ್ಣಿಗೆ ಬೀಳುತ್ತಿದ್ದುದು ಆ ಊರು ಮುಂದೆ ಏನಾಗಬಹುದು ಎಂಬುದೇ. ಈಗ ಏನಾಗಿದೆ ಎಂಬುದು ಅಷ್ಟು ಬೀಳುತ್ತಿರಲಿಲ್ಲ. ಅವನ ಗುಣವೂ ಅದೇ, ದೋಷವೂ ಅದೇ.

ಝಳಕಿಯಲ್ಲಿ ಹೆದ್ದಾರಿಗೆ ಹತ್ತಿ ಸಗೀರಾ ಎಂಬ ಹೆಣ್ಣುಮಗಳ ಗೂಡಂಗಡಿ ಇತ್ತು. ಧಾಬಾಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು, ಜೊತೆಗೆ ನಿಂಬೆ ಉಪ್ಪಿನಕಾಯಿ. ಧರ್ಮರಾಜ ಒಮ್ಮೆ ಅಲ್ಲಿಗೆ ಹೋದಾಗ ಅವಳು ಚೀಲ ನೋಡಿ ನಕ್ಕಳು.

"ಏನ್ರಿ ಕಲ್ಲ ಸಾಹೇಬ್ರ, ಇವತ್ತ ಯಾವ ಗುಡ್ಡಾ ಚೀಲದಾಗ ತುಂಬಿಕೊಂಡ್ರಿ?"

"ಗುಡ್ಡಾ ಬಿಡ್ರಿ ಸಗೀರಾಬಿ. ಇವತ್ತ ನಿಮ್ಮ ನಿಂಬಿಕಾಯಿ ಬರಕೋತೇನಿ. ಸಂತ್ಯಾಗ ಒಡದದ್ದು, ಕಲೆ ಬಿದ್ದದ್ದು ಎಷ್ಟ ಚೆಲ್ತಾರ?"

"ಚೆಲ್ಲೂದು ಕೇಳಬ್ಯಾಡ್ರಿ. ದನಾನೂ ಮೂಸಿ ನೋಡೂದಿಲ್ಲ. ಬರದು ಏನ ಮಾಡ್ತೀರಿ?"

"ಸರಕಾರಕ್ಕ ಕೊಡ್ತೇನಿ."

"ಸರಕಾರಕ್ಕ ಉಪ್ಪಿನಕಾಯಿ ಬೇಕಿದ್ರ ಡಬ್ಬಿ ತರ್ಲಿ. ಕಾಗದ ಯಾಕ ಕಳಸ್ತೈತಿ?"

ಧರ್ಮರಾಜ ನಮೂನೆ ತುಂಬಿದ. ಅದರಲ್ಲಿ ಸಂಪನ್ಮೂಲದ ಎದುರು ಎರಡೇ ಮನೆ: ‘ಬಳಕೆಯಲ್ಲಿದೆ’, ‘ಬಳಕೆಯಲ್ಲಿಲ್ಲ’. ಒಡೆದ ನಿಂಬೆಯ ಎದುರು ಎರಡನೆಯ ಮನೆಗೆ ಗುರುತು ಹಾಕಿದ. ಒಂದೂವರೆ ವರ್ಷಕ್ಕೆ ಒಂದು ಯೋಜನೆಯಲ್ಲಿ ಸಗೀರಾಗೆ ಬಾಟಲಿ ತುಂಬುವ ಯಂತ್ರ ಬಂತು, ಹದಿನೈದು ದಿನದ ತರಬೇತಿ ಆಯಿತು. ಬಳಕೆಯಲ್ಲಿ ಇರುವುದಕ್ಕೆ ಸರಕಾರ ಕೊಡುವುದಿಲ್ಲ, ಇಲ್ಲದ್ದಕ್ಕೆ ಕೊಡುತ್ತದೆ. ಧರ್ಮರಾಜ ಅವತ್ತು ಕಲಿತ ಪಾಠ ಇಷ್ಟೇ. ಅದೇ ಪಾಠ ಮುಂದೆ ಅವನ ಕುತ್ತಿಗೆಗೆ ಬಂತು.

ಅವನ ಊರು ಹುಣಸಿನಾಳ, ಡೋಣಿ ಹೊಳೆಯಿಂದ ಮೂರು ಕಿಲೋಮೀಟರು. ಊರಿನ ಆಚೆ ಗೈರಾಣದಲ್ಲಿ, ಅಂದರೆ ಸರಕಾರಿ ಗೋಮಾಳದಲ್ಲಿ, ಮೂರು ಖಣಿ. ಅಲ್ಲಿ ಏಳುವುದು ಪರಸಿ ಕಲ್ಲು. ನೆಲಕ್ಕೆ ಹಾಸುತ್ತಾರಲ್ಲ, ಬೇಸಗೆಯಲ್ಲಿ ಬರಿಗಾಲಿಗೆ ತಣ್ಣಗೆ ಹತ್ತುತ್ತದಲ್ಲ, ಅದು. ಹನ್ನೊಂದು ಮನೆಯವರು ಅಜ್ಜಂದಿರ ಕಾಲದಿಂದ ಅಲ್ಲಿ ಕಲ್ಲು ಎಬ್ಬಿಸಿದವರು. ಧರ್ಮರಾಜನ ಅಪ್ಪ ಮಾನಪ್ಪನೂ ಅವರಲ್ಲೊಬ್ಬ. ಬುದ್ಧನ ಧರ್ಮ ಸ್ವೀಕರಿಸಿದ ಮೇಲೆ ಹುಟ್ಟಿದ ಮಗನಿಗೆ ಧರ್ಮರಾಜ ಎಂದು ಹೆಸರಿಟ್ಟ. ಅದಕ್ಕೂ ಮೊದಲು ಹುಟ್ಟಿದ ಮಗಳು ಹುಲಿಗೆವ್ವನಾಗಿಯೇ ಉಳಿದಳು. ತಮ್ಮ ಸಾಲಿ ಕಲಿತು ಹೋದ. ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಕಲ್ಲು ಮೀಟುವ ಅಪ್ಪನ ಕಬ್ಬಿಣದ ಹಾರಿ ಹಿಡಿದಳು. ಅಪ್ಪ ಸತ್ತ ಮೇಲೆ ಖಣಿಯಲ್ಲಿ ಅವಳ ಮಾತೇ ಮಾತು.

ಆ ಮೂರು ಖಣಿಯನ್ನು ಅವರು ಒಮ್ಮೆಗೇ ಎಂದೂ ಮುಟ್ಟಿದವರಲ್ಲ. ಒಂದು ವರ್ಷ ಒಂದರಲ್ಲಿ ಕೆಲಸ, ಉಳಿದೆರಡಕ್ಕೆ ಮಳೆನೀರು ತುಂಬಲು ಬಿಡುವುದು. ಎರಡು ವರ್ಷ ನೀರು ನಿಂತರೆ ಪದರುಗಳ ನಡುವಿನ ಮಣ್ಣು ಮೆತ್ತಗಾಗಿ, ಕಲ್ಲು ತಾನೇ ಸಡಿಲಾಗುತ್ತದೆ. ಆಮೇಲೆ ನೀರು ಹೊಲಕ್ಕೆ ಎತ್ತಿ ಹಾಕಿ, ಹಾರಿಯ ತುದಿ ಇಟ್ಟು ಮೀಟಿದರೆ ಹಾಳೆ ಎದ್ದ ಹಾಗೆ ಏಳುತ್ತದೆ. ಮದ್ದು ಬೇಡ, ಸಿಡಿತ ಬೇಡ. ಇದಕ್ಕೆ ಅವರು ‘ನೀರ ಕುಡಸೂದು’ ಅನ್ನುತ್ತಿದ್ದರು. ಕುಡಿಯುವ ಖಣಿಗೆ ಹಾರಿ ಹಚ್ಚಿದವನ ಮನೆಯಲ್ಲಿ ಉಳಿದ ಹತ್ತು ಮನೆಯವರು ನೀರು ಮುಟ್ಟುತ್ತಿರಲಿಲ್ಲ. ಹಾಗೆ ನೀರು ಬಿಡಿಸಿಕೊಂಡವರು ಮೂರು ತಲೆಮಾರಿನಲ್ಲಿ ಇಬ್ಬರೇ.

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರದಲ್ಲಿ ಸಮೀಕ್ಷೆ ಹುಣಸಿನಾಳಕ್ಕೆ ಬಂತು. ಸಮೀಕ್ಷೆ ಅಂದರೆ ಧರ್ಮರಾಜನೇ, ಅವನ ಚೀಲವೇ. ಮೂರನೆಯ ಖಣಿಯಲ್ಲಿ ಕೆಲಸ ನಡೆದಿತ್ತು. ಮೊದಲೆರಡು ಕೆರೆಯಂತೆ ತುಂಬಿ, ಹಸಿರು ಪಾಚಿ ಕಟ್ಟಿ, ಎಮ್ಮೆಗಳು ಮೂಗಿನ ತನಕ ಮುಳುಗಿ ಕೂತಿದ್ದವು. ಅವನು ದಂಡೆಯ ಮೇಲೆ ನಿಂತು ನಮೂನೆ ತೆಗೆದ. ಹುಲಿಗೆವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ ಬಂದಳು.

"ಏನ ಬರದ್ಯೋ ತಮ್ಮಾ?"

"ಮೂರನೇದ್ದು ಬಳಕಿ ಐತಿ. ಈ ಎರಡೂ ಬಳಕಿ ಇಲ್ಲ ಅಂತ."

"ಬಳಕಿ ಇಲ್ಲಾ? ನೀರ ಕುಡ್ಯಾಕತ್ತಾವಲ್ಲೋ! ಹಂಗಂತ ಬರಿ."

"ಅದಕ್ಕ ನಮೂನ್ಯಾಗ ಮನೀನ ಇಲ್ಲಕ್ಕಾ. ಎರಡ ಮನಿ ಅದಾವು. ಐತಿ, ಇಲ್ಲ."

"ಮತ್ತ ಎರಡೂ ಬಿಟ್ಟ ಬಾ. ಬರೀಲಿಲ್ಲ ಅಂತ ಕಲ್ಲೇನ ಓಡಿ ಹೋಗ್ತಾವೇನು?"

"ಬಿಟ್ರ ಮಷಿನ್ ಬರೂದಿಲ್ಲ. ಕಲ್ಲ ಕೊಯ್ಯೂ ಮಷಿನ್, ಪಾಲಿಶ್ ಮಷಿನ್, ಒಂದು ಶೆಡ್ಡು. ಬಳಕಿ ಇಲ್ಲದ್ದಕ್ಕ ಕೊಡ್ತಾರಕ್ಕಾ, ಇದ್ದದ್ದಕ್ಕ ಕೊಡೂದಿಲ್ಲ. ಝಳಕ್ಯಾಗ ನಾನ ಕೊಡಿಸೇನಿ, ಬೇಕಾದ್ರ ಕೇಳು."

ಹುಲಿಗೆವ್ವ ಅವನ ಮುಖ ನೋಡಿದಳು. "ಸುಳ್ಳ ಬರದು ತಂದದ್ದು ಎಷ್ಟ ದಿನ ಉಳೀತೈತೋ?"

"ಸುಳ್ಳ ಎಲ್ಲಿ? ಇವತ್ತ ಕೆಲಸ ನಡದಿಲ್ಲ. ಅಷ್ಟ ಬರದೇನಿ."

ಅಷ್ಟೇ ಬರೆದು ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಅವನು ಕೊನೆಯ ಷರಾ ಅಂಕಣದಲ್ಲಿ ಹೆಮ್ಮೆಯಿಂದ ಇನ್ನೊಂದು ಸಾಲು ಸೇರಿಸಿದ: ಕಲ್ಲು ಉತ್ತಮ, ಪದರು ಸುಲಭವಾಗಿ ಏಳುತ್ತದೆ, ಕೈಬಿಟ್ಟ ಖಣಿಗಳಾದ್ದರಿಂದ ತಕರಾರು ಇಲ್ಲ. ಜಾಗದ ಅಕ್ಷಾಂಶ ರೇಖಾಂಶವನ್ನೂ ಬರೆದ. ಯಂತ್ರ ತರುವ ಲಾರಿ ದಾರಿ ತಪ್ಪಬಾರದಲ್ಲ.

ಮುಂದಿನ ವರ್ಷ ಸಮೀಕ್ಷೆಯ ಪುಸ್ತಕ ಅಚ್ಚಾಯಿತು. ಬಣ್ಣದ ಹೊದಿಕೆ, ನುಣುಪು ಹಾಳೆ. ನಲವತ್ತೊಂದನೆಯ ಪುಟದಲ್ಲಿ ಅವನ ಸಾಲು ಹಾಗೇ ಬಂದಿತ್ತು, ಅವನ ಹೆಸರು ಎಲ್ಲಿಯೂ ಇರಲಿಲ್ಲ. ವಿಜಯಪುರದ ಒಂದು ಸಭಾಭವನದಲ್ಲಿ ಬಂಡವಾಳ ಹೂಡುವವರನ್ನು ಕರೆದು ಊಟ ಹಾಕಿದರು. ಮೇಜಿನ ಮೇಲೆ ಕಲ್ಲಿನ ಮಾದರಿ ಜೋಡಿಸಿಟ್ಟು ಕಾಯುವ ಕೆಲಸ ಧರ್ಮರಾಜನದು. ಬಿಳಿ ಅಂಗಿಯ ಒಬ್ಬ ಮನುಷ್ಯ ಹುಣಸಿನಾಳದ ಪರಸಿಯ ತುಂಡು ಎತ್ತಿ, ತಿರುಗಿಸಿಯೂ ನೋಡದೆ ಇಟ್ಟು, "ಅಲ್ಲೀತನಾ ದೊಡ್ಡ ಲಾರಿ ಹೋಗ್ತೈತೇನು?" ಎಂದು ಕೇಳಿದ.

"ಹೋಗ್ತೈತ್ರಿ. ಬ್ಯಾಸಗ್ಯಾಗ ಆರಾಮ ಹೋಗ್ತೈತ್ರಿ" ಎಂದ ಧರ್ಮರಾಜ. ಸಂತೋಷದಿಂದ ಎಂದ. ಇದನ್ನು ಅವನು ಆಮೇಲೆ ಬಹಳ ಸಲ ಹೇಳಿಕೊಂಡಿದ್ದಾನೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಮೊದಲನೆಯ ಖಣಿಯನ್ನು ಗುತ್ತಿಗೆಗೆ ಕೊಡುವ ನೋಟೀಸು ತಾಲೂಕು ಕಚೇರಿಯ ಹಲಗೆಗೆ ಹಚ್ಚಿದ್ದು ಕೊರೋನಾದ ಕಾಲದಲ್ಲಿ. ಹಲಗೆ ನೋಡಲು ಹುಣಸಿನಾಳದಿಂದ ಯಾರೂ ಹೋಗಲಿಲ್ಲ, ಹೋಗುವುದಕ್ಕೆ ಬಸ್ಸೂ ಇರಲಿಲ್ಲ. ಇಪ್ಪತ್ತೊಂದರ ಚಳಿಗಾಲದಲ್ಲಿ ಪಂಪು ಬಂತು, ನಾಲ್ಕು ದಿನದಲ್ಲಿ ನೀರು ಖಾಲಿ. ತಂತಿ ಬೇಲಿ ಬಂತು. ಆಮೇಲೆ ಮದ್ದು. ಎರಡು ವರ್ಷ ನೀರು ಕುಡಿದು ಏಳಲು ಸಿದ್ಧವಾಗಿ ಮಲಗಿದ್ದ ಪರಸಿಯನ್ನು ಅವರು ಪರಸಿಯಾಗಿಯೂ ಎಬ್ಬಿಸಲಿಲ್ಲ. ಸಿಡಿಸಿ, ಕ್ರಷರಿಗೆ ಹಾಕಿ, ಖಡಿ ಮಾಡಿ ರಸ್ತೆಗೆ ಒಯ್ದರು. ಪಾಲಿಶ್ ಯಂತ್ರವೂ ಬರಲಿಲ್ಲ, ಶೆಡ್ಡೂ ಬರಲಿಲ್ಲ. ಅದು ಬೇರೆ ವಿಭಾಗದ ಯೋಜನೆ, ಅದರ ಅವಧಿ ಮುಗಿದಿದೆ ಎಂದು ಒಂದು ಪತ್ರ ಬಂತು.

ಕೊರೋನಾದಲ್ಲಿ ಕೆಲಸ ನಿಂತು ಮೂರನೆಯ ಖಣಿಯ ಪಾಳಿ ಇನ್ನೂ ಮುಗಿದಿರಲಿಲ್ಲ. ಸಿಡಿತಕ್ಕೆ ಅದರ ಪದರುಗಳು ಸೀಳಿದವು. ಹಾರಿ ಇಟ್ಟರೆ ಹಾಳೆಯ ಬದಲು ಚೂರು ಏಳತೊಡಗಿತು. ಹನ್ನೊಂದರಲ್ಲಿ ಏಳು ಮನೆಯವರು ಕಬ್ಬು ಕಡಿಯಲು ಸಿಂದಗಿ, ಇಂಡಿ ಕಡೆ ಹೋದರು. ಉಳಿದ ನಾಲ್ಕು ಮನೆಗೆ ಇದ್ದದ್ದು ಎರಡನೆಯ ಖಣಿ. ಅದನ್ನು ಅವರು ಆಗಲೂ ಮುಟ್ಟಲಿಲ್ಲ. ಅದರ ಪಾಳಿ ಬಂದಿರಲಿಲ್ಲ.

ಹುಲಿಗೆವ್ವ ತಮ್ಮನ ಜೊತೆ ಮಾತು ಬಿಟ್ಟಳು. ಜಗಳ ಆಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಒಂದು ಮದುವೆಯಲ್ಲಿ ಅವನು ಉಣ್ಣಲು ಕೂತಾಗ, ಬಡಿಸುವವರಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಂವಗ ಲಗೂನ ನೀಡ್ರೆವ್ವಾ. ತಡಾ ಆದ್ರ ತಾಟ ಬಳಕಿ ಇಲ್ಲ ಅಂತ ಬರಕೊಂಡ ಹೋಗ್ತಾನ." ಪಂಕ್ತಿಯೆಲ್ಲ ನಕ್ಕಿತು. ಅವನೂ ನಕ್ಕ, ಉಂಡ, ಕೈ ತೊಳೆದು ಮುಂದಿನ ಬಸ್ಸಿಗೆ ಬಂದುಬಿಟ್ಟ.

ತಪ್ಪು ತಿದ್ದಲು ಅವನು ಸುಮ್ಮನೆ ಕೂತಿದ್ದನೆಂದಲ್ಲ. ‘ನಮೂನೆಯಲ್ಲಿ ಮೂರನೆಯ ಅಂಕಣ ಸೇರಿಸುವ ಕುರಿತು’, ‘ಪಾಳಿ ಪದ್ಧತಿಯ ಖಣಿಗಳ ವರ್ಗೀಕರಣ ಕುರಿತು’, ಹೀಗೆ ಮೂರು ವರ್ಷದಲ್ಲಿ ಹದಿನೇಳು ಪತ್ರ ಬರೆದ. ಓದಿಕೊಂಡವನು, ಒಳ್ಳೆಯ ಕನ್ನಡ ಬರೆಯುತ್ತಿದ್ದ. ‘ಗಮನಕ್ಕೆ ಬಂದಿರುತ್ತದೆ’, ‘ನಮೂದಾಗಿರುತ್ತದೆ’, ‘ಸರಿಪಡಿಸಬಹುದಾಗಿದೆ’. ಹದಿನೇಳು ಪತ್ರಗಳಲ್ಲಿ ಯಾರು ನಮೂದಿಸಿದರು ಎಂಬುದು ಮಾತ್ರ ಒಂದರಲ್ಲೂ ಇರಲಿಲ್ಲ. ಹೆಂಡತಿ ಇಲ್ಲದ ಮನೆ, ಮಗಳು ಪ್ರಜ್ಞಾ ನರ್ಸಿಂಗ್ ಎರಡನೆಯ ವರ್ಷ, ಹನ್ನೊಂದು ತಿಂಗಳ ನೌಕರಿ. ಹೆದರಿದ. ಅದಕ್ಕೆ ಬೇರೆ ಹೆಸರಿಡುವುದರಲ್ಲಿ ಅರ್ಥವಿಲ್ಲ.

ಕಳೆದ ವರ್ಷದ ಕೊನೆಗೆ ಎರಡನೆಯ ಖಣಿಗೂ ನೋಟೀಸು ಬಂತು. ಈ ಸಲ ಹುಲಿಗೆವ್ವ ವಾರಕ್ಕೊಮ್ಮೆ ಮುದ್ದೇಬಿಹಾಳಕ್ಕೆ ಹೋಗಿ ಹಲಗೆ ನೋಡಿಸಿಕೊಂಡು ಬರುತ್ತಿದ್ದಳು. ನಾಲ್ಕು ಮನೆಯವರು ಆಕ್ಷೇಪಣೆ ಕೊಟ್ಟರು. ಖಣಿ ಚಾಲ್ತಿಯಲ್ಲಿದೆ ಎಂದು ತೋರಿಸಿದರೆ ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ. ತೋರಿಸಲು ಕಾಗದ ಇರಲಿಲ್ಲ. ಇದ್ದ ಕಾಗದ ಒಂದೇ, ಅದು ಧರ್ಮರಾಜ ತುಂಬಿದ ನಮೂನೆ. ವಿಚಾರಣೆಗೆ ಅವನನ್ನೂ ಕರೆದರು. ಹುಲಿಗೆವ್ವ ಊರಿನ ಲಾರಿ ಡ್ರೈವರ್ ಆರಿಫನ ಕೈಯಲ್ಲಿ ಹೇಳಿ ಕಳಿಸಿದಳು. ಅವನು ಬಂದು ಹೇಳಿದ: "ನಿಮ್ಮಕ್ಕ ಹೇಳ್ಯಾಳ್ರಿ, ರೊಕ್ಕಾ ಬ್ಯಾಡ, ವಕೀಲನೂ ಬ್ಯಾಡ ಅಂತ. ಗೊತ್ತಿದ್ದ ತಪ್ಪ ಬರದೇನಿ ಅಂತ ಒಂದ ಹಾಳಿ ಬರದು ಕೊಡಬೇಕಂತ್ರಿ."

ಕಚೇರಿಯಲ್ಲಿ ಅವನ ಮೇಲಿನವರು ಸಂಕರ್ಷಣ ಎಂಬವರು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ಕೆಟ್ಟವರಲ್ಲ. ಧರ್ಮರಾಜನ ಗುತ್ತಿಗೆ ಹದಿನಾಲ್ಕು ಸಲ ನವೀಕರಣವಾಗಿದ್ದರೆ ಅದರಲ್ಲಿ ಒಂಬತ್ತು ಸಲ ಅವರ ಸಹಿ. ಅವರು ಚಹಾ ತರಿಸಿ ಹೇಳಿದರು:

"ಅರೇ ಬಘ್, ನೋಡು ಧರ್ಮರಾಜ. ಸಮೀಕ್ಷೆ ದಿನ ಕೆಲಸ ನಡೀತಿರಲಿಲ್ಲ, ನೋಡಿದ್ದು ಬರದೆ, ಪಾಳಿ ಪದ್ಧತಿ ನನಗ ಗೊತ್ತಿರಲಿಲ್ಲ ಅಂತ ಹೇಳು. ಯಾರ ತಲೀ ಮ್ಯಾಲೂ ಬರೂದಿಲ್ಲ."

"ನಾ ಆ ಊರಾಂವರಿ ಸಾಹೇಬ್ರ."

"ಅದನ್ನ ಅಲ್ಲಿ ಯಾರ ಕೇಳ್ತಾರ? ಗೊತ್ತಿದ್ದ ಬರದೇನಿ ಅಂದಿಯೋ, ಮುಂದಿನ ನವೀಕರಣಕ್ಕ ನನ್ನ ಕೈಯಾಗ ಏನೂ ಉಳಿಯೂದಿಲ್ಲ. ಕೇಸೂ ಆಗಬಹುದು."

ವಿಚಾರಣೆ ಇದ್ದದ್ದು ಫೆಬ್ರುವರಿ ಹದಿನೆಂಟಕ್ಕೆ. ಅವತ್ತು ಬೆಳಿಗ್ಗೆ ಧರ್ಮರಾಜ ಮಗಳ ಮುಂದೆ ಎಲ್ಲ ಹೇಳಿದ. ಹದಿನೇಳು ಪತ್ರದ ಕಡತ ತೆಗೆದು ತೋರಿಸಿದ. ಪ್ರಜ್ಞಾ ಕಾಲೇಜಿನ ಬಿಳಿ ಕೋಟು ಇಸ್ತ್ರಿ ಮಾಡುತ್ತಿದ್ದಳು. ಕಡತ ಮುಟ್ಟಲಿಲ್ಲ.

"ಅಪ್ಪಾ, ಅತ್ತಿ ಕೇಳಿದ್ದು ಒಂದ ಹಾಳಿ. ನೀ ಹದಿನೇಳ ಯಾಕ ಬರದಿ?"

ಅವನು ಚೀಲ ಹೆಗಲಿಗೆ ಹಾಕಿದ. ಕಡತ ಮನೆಯಲ್ಲೇ ಬಿಟ್ಟು ಹೋದ. ಒಂದು ಮಾತಿನಲ್ಲಿ ಅಪ್ಪನನ್ನು ಕೊಂದೆನೇನೋ ಎಂದು ಆ ಹುಡುಗಿ ಈಗ ಕೇಳುತ್ತಾಳೆ. ಹಾಗಲ್ಲ ಎಂದು ಹೇಳುವವರು ಹೇಳುತ್ತಾರೆ. ಅವಳು ನಂಬುವುದಿಲ್ಲ. ಎರಡನೆಯ ಖಣಿಯ ಬಗ್ಗೆ ಆದೇಶ ಇಂದಿಗೂ ಬಂದಿಲ್ಲ. ಹೇಳಿಕೆ ಕೊಟ್ಟವರು ಮೃತರಾದ್ದರಿಂದ ಮುಂದೇನು ಮಾಡಬೇಕೆಂದು ಮೇಲಿನವರ ಅಭಿಪ್ರಾಯ ಕೇಳಿದ್ದಾರಂತೆ. ಖಣಿಯಲ್ಲಿ ನೀರು ಇದೆ.

ಆ ದಿನ ಮುದ್ದೇಬಿಹಾಳದ ತಾಲೂಕು ಕಚೇರಿಯಲ್ಲಿ ಅವನ ಸರದಿ ಬಂದಾಗ ಹನ್ನೆರಡೂವರೆ. ಮೇಜಿನ ಆಚೆ ಒಬ್ಬ ಅಧಿಕಾರಿ ಹೆಣ್ಣುಮಗಳು, ಬದಿಗೆ ಬರೆದುಕೊಳ್ಳುವ ಗುಮಾಸ್ತ ಧರೆಪ್ಪ, ಈ ಕಡೆ ಗುತ್ತಿಗೆ ಕೇಳಿದವರ ವಕೀಲ. ವಕೀಲನ ಕೈಯಲ್ಲಿ ಬಣ್ಣದ ಪುಸ್ತಕ, ನಲವತ್ತೊಂದನೆಯ ಪುಟಕ್ಕೆ ಬೆರಳು. ಗೋಡೆಗೆ ಹತ್ತಿ ನಾಲ್ಕು ಮನೆಯವರು ನಿಂತಿದ್ದರು. ಹುಲಿಗೆವ್ವ ತಮ್ಮನ ಕಡೆ ನೋಡಲಿಲ್ಲ.

"ಈ ಹಾಳಿ ನೀವು ತುಂಬಿದ್ದಾ?" ಎಂದರು ಅಧಿಕಾರಿ.

"ಹೌದ್ರಿ. ನಾನ ತುಂಬೇನಿ."

"ಖಣಿ ಕೈಬಿಟ್ಟದ್ದು ಅಂತ ಬರದೀರಿ. ಖರೇನ?"

"ಅಲ್ರಿ. ನೀರ ಕುಡಿಯಾಕ ಬಿಟ್ಟದ್ದರಿ." ಹೇಗೆ ಬಿಡುತ್ತಾರೆ, ಎಷ್ಟು ವರ್ಷ ಬಿಡುತ್ತಾರೆ, ಯಾಕೆ ಬಿಡುತ್ತಾರೆ, ಎಲ್ಲ ಹೇಳಿದ. ಹೇಳುವಾಗ ಹಾರಿ ಹಿಡಿದವನ ಹಾಗೆ ಕೈ ಆಡಿಸುತ್ತಿದ್ದ. ಅಧಿಕಾರಿ ನಡುವೆ ಬಾಯಿ ಹಾಕದೆ ಕೇಳಿದರು. ಧರೆಪ್ಪ ಬರೆದುಕೊಂಡು, ಹಾಳೆ ಅವನ ಮುಂದೆ ತಳ್ಳಿ, ಪೆನ್ನು ಕೊಟ್ಟ.

"ಸಹಿ ಮಾಡ್ರಿ."

"ಓದ್ರಿ ಅದನ್ನ" ಎಂದಳು ಹುಲಿಗೆವ್ವ ಗೋಡೆಯ ಕಡೆಯಿಂದ. "ನಮಗ ಓದಾಕ ಬರೂದಿಲ್ಲ. ಗಟ್ಟಿಯಾಗಿ ಓದ್ರಿ."

ಧರೆಪ್ಪ ಓದಿದ. ಎಲ್ಲ ಸರಿಯಾಗಿತ್ತು. ಕೊನೆಗೆ ಬಂತು: "ಸದರಿ ಪದ್ಧತಿಯ ಅರಿವಿಲ್ಲದೆ ಖಣಿಯನ್ನು ಬಳಕೆಯಲ್ಲಿಲ್ಲ ಎಂದು ನಮೂದಿಸಿರುತ್ತೇನೆ." ಓದಿ, ದನಿ ತಗ್ಗಿಸಿ ಧರ್ಮರಾಜನಿಗೆ ಹೇಳಿದ: "ನಿಮ್ಮ ಸಲುವಾಗಿ ಹಂಗ ಬರದೇನ್ರಿ. ನೌಕರಿ ಮಂದಿ ನೀವು."

ವಕೀಲ ನಕ್ಕ. "ಇರ್ಲಿ ಬಿಡ್ರಿ ಮೇಡಂ. ಅರಿವಿಲ್ಲದೆ ಅಂದ್ರ, ಕಂಡದ್ದು ಬರದಾರ ಅಂತಾತು. ನಮೂನೆ ಸರಿ ಐತಿ ಅಂತಾತು."

"ಅಂವಗ ಅರಿವಿತ್ರಿ!" ಹುಲಿಗೆವ್ವನ ದನಿ ಕೋಣೆ ತುಂಬಿತು. "ಅಂವ ಆ ಖಣಿ ದಂಡೀಮ್ಯಾಲ ತೊಟ್ಟಲದಾಗ ಮಲಗಿದಾಂವ. ನಾನ ತೂಗೇನಿ."

ಅಧಿಕಾರಿ ಧರ್ಮರಾಜನ ಮುಖ ನೋಡಿದರು. "ವಕೀಲರು ಹೇಳೂದು ಖರೆ ಐತ್ರಿ. ಅರಿವಿಲ್ಲದೆ ಅಂದ್ರ ನಮೂನೆ ಹಾಂಗ ಉಳೀತೈತಿ. ಗೊತ್ತಿದ್ದು ತಪ್ಪು ಬರದೇನಿ ಅಂದ್ರ ರದ್ದು ಮಾಡೂದು ಬರ್ತೈತಿ. ಆದ್ರ ಅದರ ಜವಾಬ್ದಾರಿ ನಿಮ್ಮ ಮ್ಯಾಲ. ವಿಚಾರ ಮಾಡ್ರಿ."

ಧರ್ಮರಾಜ ಅಕ್ಕನ ಕಡೆ ತಿರುಗಲಿಲ್ಲ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಅಂಗಿಯ ತೋಳಿನಿಂದ ಹಣೆಯ ಬೆವರು ಒರೆಸಿದ. ‘ಸದರಿ ಪದ್ಧತಿಯ ಅರಿವಿಲ್ಲದೆ’ ಎಂಬುದರ ಮೇಲೆ ಒಂದೇ ಗೆರೆ ಎಳೆದ, ಕೆಳಗಿನ ಅಕ್ಷರ ಕಾಣುವ ಹಾಗೆ. ಅದರ ಮೇಲೆ ದುಂಡಗೆ ‘ನಾನು, ಗೊತ್ತಿದ್ದೂ’ ಎಂದು ಬರೆದ. ತಿದ್ದಿದ್ದಕ್ಕೆ ಬದಿಯಲ್ಲಿ ಒಂದು ಸಹಿ, ಕೊನೆಯಲ್ಲಿ ಒಂದು ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ಧರೆಪ್ಪನ ಕೈಗೆ ಕೊಟ್ಟ.